ಸಂಸ್ಥೆಗೊಂದು ನಕ್ಷೆ

ಮನೆ ಕಟ್ಟುವವನಿಗೆ ನಕ್ಷೆ ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಬ್ಯಾಂಕು, ಆಸ್ಪತ್ರೆ, ಶಾಲೆಗಳಂಥ ಸಂಸ್ಥೆಗಳಿಗೂ ನಕ್ಷೆಯುಂಟು. ಅದು ಗೋಡೆ ಮಾಡುಗಳ ನಕ್ಷೆಯಲ್ಲ. ಕೆಲಸ, ಮಾಹಿತಿ, ಮನುಷ್ಯರು ಒಬ್ಬರಿಗೊಬ್ಬರು ಹೆಣೆದುಕೊಂಡಿರುವ ಬಗೆಯ ನಕ್ಷೆ. ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂಬ ಈ ಶಾಸ್ತ್ರವನ್ನು ನಾವು ಸಂಸ್ಥಾರಚನಾಶಾಸ್ತ್ರವೆಂದು ಕರೆಯಬಹುದು.

ಇದಕ್ಕೆ ಪ್ರಸಿದ್ಧವಾದ ಮಾದರಿಯೊಂದನ್ನು ಕೊಟ್ಟವರು ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಜಾನ್ ಜಾಕ್‌ಮನ್. 1987ರ ತಮ್ಮ ಲೇಖನದಲ್ಲಿ ಅವರು ಗೃಹನಿರ್ಮಾಣವನ್ನೇ ಹೋಲಿಕೆಯಾಗಿ ತೆಗೆದುಕೊಂಡರು. ಮನೆಯೊಡೆಯನ ಚಿತ್ರ ಬೇರೆ, ವಾಸ್ತುಶಿಲ್ಪಿಯದು ಬೇರೆ, ಗುತ್ತಿಗೆದಾರನದು ಬೇರೆ. ಒಡೆಯನ ಚಿತ್ರಕ್ಕೆ ಇನ್ನಷ್ಟು ವಿವರ ತುಂಬಿದ ಮಾತ್ರಕ್ಕೆ ಅದು ಗುತ್ತಿಗೆದಾರನ ಚಿತ್ರವಾಗದು. ಅವುಗಳ ಸ್ವರೂಪವೇ ಬೇರೆ. ಇಂಥ ದೃಷ್ಟಿಗಳನ್ನು ಅಡ್ಡಸಾಲುಗಳಲ್ಲಿಯೂ, ಪ್ರಶ್ನೆಗಳನ್ನು ಉದ್ದಸಾಲುಗಳಲ್ಲಿಯೂ ಇಟ್ಟರೆ ಒಂದು ಕೋಷ್ಟಕವಾಗುತ್ತದೆ. ಮೊದಲ ಲೇಖನದಲ್ಲಿ ವಿಸ್ತಾರವಾಗಿ ಬಂದ ಪ್ರಶ್ನೆಗಳು ಮೂರು: ಏನು, ಹೇಗೆ, ಎಲ್ಲಿ. ಯಾರು, ಯಾವಾಗ, ಏಕೆ ಎಂಬವನ್ನು 1992ರಲ್ಲಿ ಜಾನ್ ಸೋವಾ ಅವರೊಡನೆ ಕೂಡಿ ವಿವರಿಸಿದರು. ಐದು ದೃಷ್ಟಿ, ಆರು ಪ್ರಶ್ನೆ. ಒಟ್ಟು 30 ಚೌಕಗಳು.

ನಮ್ಮ ಹಾಜರಿ ಪುಸ್ತಕವನ್ನೇ ಪರೀಕ್ಷಿಸೋಣ. ಏನು? ಮಕ್ಕಳ ಹೆಸರು, ಬಂದ ದಿನಗಳು. ಹೇಗೆ? ಹೆಸರು ಕೂಗಿ ಗುರುತು ಹಾಕುವುದರಿಂದ. ಎಲ್ಲಿ? ತರಗತಿಯಲ್ಲಿ. ಯಾರು? ತರಗತಿಯ ಅಧ್ಯಾಪಕರು. ಯಾವಾಗ? ಪ್ರಾರ್ಥನೆಯಾದ ಬಳಿಕ. ಈ ಐದಕ್ಕೂ ಉತ್ತರ ಸುಲಭ. ಏಕೆ? ತಪಾಸಣೆಗೆ ಬಂದವರಿಗೆ ತೋರಿಸಲೆಂದಾದರೆ ತಿಂಗಳ ಕೊನೆಯ ಮೊತ್ತವೊಂದೇ ಸಾಕು. ಬಾರದ ಮಗುವನ್ನು ಮರಳಿ ಕರೆತರಲೆಂದಾದರೆ ಉಳಿದ ಐದು ಉತ್ತರಗಳೂ ಬದಲಾಗಬೇಕು. ಪುಸ್ತಕದಲ್ಲಿ ಈಗಿನ ಮನೆಯ ವಿಳಾಸವಿರಬೇಕು. ವಿಚಾರಿಸಿ ಬರುವವರು ಯಾರೆಂದು ಗೊತ್ತಿರಬೇಕು. ತಿಂಗಳವರೆಗೆ ಕಾಯದೆ ಅದೇ ವಾರ ಹೋಗಬೇಕು. ಬಾಡಿಗೆಯ ಕೋಣೆಯಿಂದ ಕೋಣೆಗೆ ಸಂಸಾರಗಳು ಅಲೆಯುವ ಈ ಮಹಾನಗರದಲ್ಲಿ, ಒಮ್ಮೆ ಕೈತಪ್ಪಿದ ಮಗು ಕನ್ನಡದ ಅಕ್ಷರಕ್ಕೆ ಮರಳುವುದು ದುರ್ಲಭ. ಈ ವಿಚಾರ ಮಾಡದೆ ಕಂಪ್ಯೂಟರನ್ನು ತಂದಿಟ್ಟರೆ, ಮೊತ್ತ ಬೇಗ ಸಿಕ್ಕೀತು, ಮಗು ಸಿಕ್ಕದು.

ಜಾಕ್‌ಮನ್ನರ ಮಾದರಿ ವಿಂಗಡಿಸಿ ತೋರಿಸುತ್ತದೆಯೇ ಹೊರತು, ಯಾವ ಕೆಲಸ ಮೊದಲು, ಯಾವುದು ಅನಂತರ ಎಂದು ವಿಧಿಸುವುದಿಲ್ಲ. ಆ ಕ್ರಮವನ್ನು ಹೇಳುವುದಕ್ಕೆ 1995ರಲ್ಲಿ ಮೊದಲು ಪ್ರಕಟವಾದ ಟೋಗಾಫ್‌ನಂಥ ಬೇರೆ ಪದ್ಧತಿಗಳಿವೆ. ಚೌಕಗಳನ್ನೆಲ್ಲ ತುಂಬುವುದೇ ಕೆಲಸವೆಂದು ತಿಳಿಯಲೂಬಾರದು. ನಕ್ಷೆ ಬರೆದವನು ಮನೆ ಕಟ್ಟಿದಂತಾಗಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನಾಳೆ ನೀವು ಕಚೇರಿ ಕಾರ್ಖಾನೆಗಳನ್ನು ಸೇರುವಿರಿ. ಅಲ್ಲಿ ನಿಮ್ಮ ಕೈಗೆ ಬರುವ ಪ್ರತಿಯೊಂದು ಕಾಗದಕ್ಕೂ ಈ ಆರು ಪ್ರಶ್ನೆಗಳನ್ನು ಹಾಕಿ ನೋಡಿರಿ. ‘ಏಕೆ’ ಎಂಬುದನ್ನು ಮಾತ್ರ ಕೊನೆಗೆ ಉಳಿಸದೆ ಮೊದಲೇ ಕೇಳಿರಿ.