‘ಅಪಿಯರೆನ್ಸ್’ ಎಂಬ ಮಾತಿನ ಮೂರು ಮುಖ

ಆಂಗ್ಲರ ‘ಅಪಿಯರೆನ್ಸ್’ ಶಬ್ದದ ಮೂಲ ಲ್ಯಾಟಿನ್. ಅಲ್ಲಿ ಅದಕ್ಕೆ ‘ಕಣ್ಣಿಗೆ ಬೀಳುವುದು’ ಎಂದು ಅರ್ಥ. ಈಗ ಒಬ್ಬರ ಮುಖಲಕ್ಷಣ, ಉಡಿಗೆತೊಡಿಗೆಗಳೂ ಅಪಿಯರೆನ್ಸೇ. ವಕೀಲರು ನ್ಯಾಯಾಲಯದಲ್ಲಿ ಎದ್ದು ನಿಲ್ಲುವುದೂ ಅದೇ. ಒಳಗಿಲ್ಲದುದನ್ನು ಹೊರಗೆ ಕಾಣಿಸುವುದೂ ಅದೇ!

ಹುಮನಾಬಾದ ತಾಲ್ಲೂಕಿನ ಘಾಟಬೋರಾಳದ ಕನ್ನಡಿಗರಿಗೆ ಇಂತಹ ತೊಡಕಿಲ್ಲ. ಮೂರಕ್ಕೂ ಬೇರೆ ಬೇರೆ ಮಾತುಗಳುಂಟು. 1948ರವರೆಗೆ ಬೀದರ ಜಿಲ್ಲೆಯು ನಿಜಾಮ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ಮುಖಲಕ್ಷಣಕ್ಕೆ ಪಾರಸಿ ಮೂಲದ ‘ಚಹರೆ’, ಎದುರು ಬಂದು ನಿಲ್ಲುವುದಕ್ಕೆ ಅರಬ್ಬಿ ಮೂಲದ ‘ಹಾಜರಿ’. ಇವೆರಡೂ ಇಲ್ಲಿ ಮಾತ್ರವಲ್ಲ, ನಾಡಿನಲ್ಲೆಲ್ಲ ಕನ್ನಡವೇ ಆಗಿಬಿಟ್ಟಿವೆ. ಮೂರನೆಯದಕ್ಕೆ ನಮ್ಮ ಅಚ್ಚಗನ್ನಡದ ‘ತೋರಿಕೆ’ಯೇ ಸಾಕು.

ಮಾತುಗಳ ಈ ವಿಂಗಡಣೆ ಬಾಳಿಗೂ ಬೇಕಾದುದು. ಕನ್ಯೆಯನ್ನು ನೋಡಲು ಹೋದಲ್ಲಿ, ನೌಕರಿಯ ಸಂದರ್ಶನದಲ್ಲಿ, ‘ಅಪಿಯರೆನ್ಸ್ ಸಾಲದು’ ಎಂಬ ಒಂದೇ ನುಡಿ ಎಷ್ಟೋ ಮಂದಿಯ ಮನಸ್ಸನ್ನು ಮುರಿದಿದೆ. ಹಾಗೆಂದವರು ಅಳೆದದ್ದು ಚಹರೆಯನ್ನು ಮಾತ್ರ. ಹತ್ತಿರದ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ವೇಷಕ್ಕಿಂತ ನಡೆಯೇ ಹಿರಿದೆಂದು ಸಾರಿದರು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದ ದಿನ ಬೇಕಾಗುವುದು ಬಂದವರ ಚಹರೆಯಲ್ಲ, ಅವರ ಹಾಜರಿ.