ಸೀಸಕ್ಕೆ ‘ಪಿಬಿ’ ಏಕೆ?

ಇಂಗ್ಲಿಷಿನಲ್ಲಿ ‘ಲೆಡ್’ ಎನಿಸಿಕೊಳ್ಳುವ ಸೀಸಕ್ಕೆ ‘ಪಿಬಿ’ ಎಂಬ ಸಂಕೇತವೇಕೆಂದು ನಮ್ಮ ವಿದ್ಯಾರ್ಥಿಗಳು ಬೆರಗಾಗುವುದುಂಟು. ಲ್ಯಾಟಿನ್ ಭಾಷೆಯಲ್ಲಿ ಸೀಸವು ‘ಪ್ಲಂಬಮ್’. ರೋಮನರು ನೀರಿನ ಕೊಳವೆಗಳನ್ನು ಸೀಸದಿಂದ ಮಾಡುತ್ತಿದ್ದರು. ನಮ್ಮ ಮನೆಯ ನಲ್ಲಿಯನ್ನು ಸರಿಪಡಿಸಲು ಬರುವಾತ ಇಂದಿಗೂ ‘ಪ್ಲಂಬರ್’ ಎನಿಸಿಕೊಳ್ಳುವುದು ಆ ಕಾರಣದಿಂದಲೇ! ಚಿನ್ನದ ‘ಎಯು’ ಬಂದುದು ‘ಔರಮ್’ನಿಂದ, ಕಬ್ಬಿಣದ ‘ಎಫ್ಇ’ ‘ಫೆರಮ್’ನಿಂದ. ಇಷ್ಟನ್ನರಿತರೆ ಬಾಯಿಪಾಠದ ಹೊರೆ ಬಹುಮಟ್ಟಿಗೆ ಇಳಿಯುತ್ತದೆ.

ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯ’ ಲ್ಯಾಟಿನ್ ಗ್ರಂಥ. ಹೊಸ ಸಸ್ಯವೊಂದರ ವರ್ಣನೆಗೆ 2012ರಿಂದ ಇಂಗ್ಲಿಷೂ ಸಲ್ಲುತ್ತದೆ. ಹೆಸರು ಮಾತ್ರ ಲ್ಯಾಟಿನ್ ರೂಪದಲ್ಲಿಯೇ ಇರತಕ್ಕದ್ದು. ನಮ್ಮ ಶ್ರೀಗಂಧ ‘ಸ್ಯಾಂಟಾಲಮ್ ಆಲ್ಬಮ್’. ‘ಆಲ್ಬಮ್’ ಎಂದರೆ ಬಿಳಿಯದು. ಹೆಸರನ್ನು ಕುರುಡಾಗಿ ನಂಬಲೂ ಆಗದು: ಹುಣಿಸೆಯು ‘ಇಂಡಿಕ’ ಎನಿಸಿಕೊಂಡರೂ ಅದರ ತವರು ಆಫ್ರಿಕ. ಲ್ಯಾಟಿನ್ ವ್ಯಾಕರಣವನ್ನೆಲ್ಲ ವಿದ್ಯಾರ್ಥಿಗಳ ತಲೆಗೆ ಹೇರಬೇಕೆಂದು ನಾವು ಹೇಳುವುದಿಲ್ಲ. ನೂರಾರು ಪದಗಳ ಪರಿಚಯವಾದರೂ ಸಾಕು.

ವೈದ್ಯರ ಚೀಟಿಯ ವಿಷಯ ಹೆಚ್ಚು ಗಂಭೀರವಾದುದು. ‘ಬಿ.ಡಿ.’ ಎಂದರೆ ‘ಬಿಸ್ ಇನ್ ಡಿಯೆ’, ಅರ್ಥಾತ್ ದಿನಕ್ಕೆರಡು ಬಾರಿ, ‘ಟಿ.ಡಿ.ಎಸ್.’ನಲ್ಲಿರುವ ‘ಟೆರ್’ ಎಂದರೆ ಮೂರು ಬಾರಿ. ಇವು ಅದಲುಬದಲಾದರೆ ಔಷಧವೇ ಅಪಾಯವಾದೀತು. ಸಂಸ್ಕೃತದ ‘ದ್ವಿಃ’, ‘ತ್ರಿಃ’ಗಳನ್ನು ಬಲ್ಲವರಿಗೆ ಇದು ಕಷ್ಟವೇನಲ್ಲ, ‘ಬಿಸ್’, ‘ಟೆರ್’ಗಳು ಅವುಗಳ ದಾಯಾದಿಗಳೇ.