ಬೆಣೆಗೊಂದು ಹೊಟ್ಟೆ

ರಾಜೇಶ್ವರದಲ್ಲಿ ರಾಷ್ಟ್ರೀಯ ಹೆದ್ದಾರಿ 65ರ ಮೇಲೆ ಲಾರಿ ಹಾಯ್ದಾಗಲೆಲ್ಲ ವೆಲ್ಡಿಂಗ್ ಅಂಗಡಿಯ ತಗಡು ಅದುರುತ್ತದೆ. ಒಳಗೆ ಕಬ್ಬಿಣದ ತೊಲೆಯೊಂದು ಅಡ್ಡ ಬಿದ್ದಿದೆ. ಅದರ ಒಂದು ತುದಿಗೆ ಟ್ರ್ಯಾಕ್ಟರ್ ಟ್ರಾಲಿ ಎತ್ತುತ್ತಿದ್ದ ಹಳೆಯ ಜ್ಯಾಕ್ ಕೂತಿದೆ. ಇನ್ನೊಂದು ತುದಿ ಖಾಲಿ. ಬೆಣೆ ಬರಬೇಕಾದ ಜಾಗ ಅದು. ಜ್ಯಾಕ್ ದಿಮ್ಮಿಯನ್ನು ದೂಡುತ್ತದೆ, ಬೆಣೆ ಸೀಳುತ್ತದೆ. ಕಟ್ಟಿಗೆ ಸೀಳುವ ಯಂತ್ರವೆಂದರೆ ಇಷ್ಟೇ. ಬಲಕ್ಕೆ ಬರವಿಲ್ಲ. 10 ಸೆಂ.ಮೀ. ವ್ಯಾಸದ ಪಿಸ್ಟನ್ನಿಗೆ ಚದರ ಸೆಂ.ಮೀ.ಗೆ 140 ಕಿಲೋ ಒತ್ತಡ ಕೊಟ್ಟರೆ ಸುಮಾರು 11 ಟನ್ ಸಿಗುತ್ತದೆ. ವಾದವೆಲ್ಲ ಬೆಣೆಯ ಆಕಾರದ್ದು.

“ಕಾಕಾ, ಇನ್ನಷ್ಟು ಚೂಪ್ ಮಾಡ್ರಿ,” ಎನ್ನುತ್ತಾನೆ ಅಂಗಡಿಯ ಹುಡುಗ.

“ಚೂಪ್ ಆದಷ್ಟು ಹೊಕ್ತದ, ಖರೆ. ಆದ್ರ ಹೊಕ್ಕು ಅಲ್ಲೇ ಕುಂಡ್ರತದ ತಮ್ಮಾ. ಹಿಂದ ಹೊಟ್ಟಿ ಬೇಕು.”

ಕಾಕಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ, ಹಿಮ್ಮಡಿಯಿಂದ ಉಜ್ಜುತ್ತಾರೆ, ಮತ್ತೆ ಎಳೆಯುತ್ತಾರೆ. ಮುಂದೆ 25 ಮಿ.ಮೀ. ದಪ್ಪದ ಪ್ಲೇಟು, ಬಾಯಿಯ ಕಡೆ ಸಣ್ಣಗೆ ಇಳಿದದ್ದು. ನಾಲ್ಕು ಬೆರಳು ಹಿಂದೆ ಎರಡೂ ಬದಿಗೆ ಅಗಲವಾಗುತ್ತ ಹೋಗುವ ಕೆನ್ನೆಗಳು. ಬಾಯಿ ಒಳಹೊಕ್ಕರೆ ಸಾಕು, ಮುಂದಿನದು ಕೆನ್ನೆಗಳ ಕೆಲಸ. ಅವು ಎಳೆಗಳನ್ನು ಆಚೀಚೆ ಒತ್ತಿದಂತೆ ಬಿರುಕು ಬೆಣೆಗಿಂತ ಮುಂದೆ ಓಡುತ್ತದೆ. ಆಗ ಬಾಯಿಗೆ ಮರ ತಾಗುವುದೂ ಇಲ್ಲ. ಬರೀ ಕಣ್ಣಳತೆಯಲ್ಲಿ ಇದನ್ನು ಹಿಡಿಯುವ ಈ ಜಾಣ್ಮೆ ನನಗೆ ಯಾವ ಎಂಜಿನಿಯರಿಂಗ್‌ಗಿಂತ ಕಡಿಮೆಯೆನಿಸುವುದಿಲ್ಲ.

ಬಾಯಿಗೆ ಲಾರಿಯ ಕಮಾನ್ ಪಟ್ಟಿಯ ತುಂಡು. ಆ ಉಕ್ಕು ಬೆಸುಗೆಯ ನಂತರ ಬೇಗ ಆರಿದರೆ ಬಿರಿಯುತ್ತದೆ. ಅದಕ್ಕೇ ಮೊದಲು ಚೆನ್ನಾಗಿ ಕಾಯಿಸಿ, ಬೆಸೆದು, ಕೂಡಲೇ ಬೂದಿಯಲ್ಲಿ ಹೂಳುತ್ತಾರೆ. ಬೂದಿಯ ಮೇಲೆ ಅಂಗೈ ಹಿಡಿದು ಬಿಸಿ ನೋಡುತ್ತಾರೆ, ಅವಸರವಿಲ್ಲ.

ಕಟ್ಟಿಗೆಯ ಕಾಯಕಕ್ಕೆ ಈ ಸೀಮೆಯಲ್ಲಿ ಹಳೆಯ ಮರ್ಯಾದೆಯಿದೆ. 12ನೇ ಶತಮಾನದಲ್ಲಿ ಕಟ್ಟಿಗೆ ಹೊರೆ ಮಾರಿ ದಾಸೋಹ ನಡೆಸಿದ ಶರಣ ಮೋಳಿಗೆ ಮಾರಯ್ಯನ ಗವಿ ಪಕ್ಕದ ಹುಮನಾಬಾದ್ ತಾಲ್ಲೂಕಿನ ಮೋಳಕೇರಾದಲ್ಲಿದೆ. ಆ ಹೊರೆಯ ಹಿಂದೆ ಇದ್ದದ್ದು ರಟ್ಟೆ ಮತ್ತು ಕೊಡಲಿ.

ಸಂಜೆ ಹೊತ್ತಿಗೆ ಬೆಣೆ ತೊಲೆಗೆ ಕೂತಿತು. ಬೇವಿನ ದಿಮ್ಮಿ ಚಟ್ಟೆಂದು ಎರಡಾಯಿತು. ಹುಣಸೆಯ ಬೊಡ್ಡೆ ಮಾತ್ರ ಜಗ್ಗಲಿಲ್ಲ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಗಂಟುಗಳು ಬೇರೆ. ಹುಡುಗ ಜ್ಯಾಕಿನ ಹಿಡಿಕೆಯನ್ನು ಇನ್ನಷ್ಟು ಒತ್ತಹೋದ.

“ಬಿಡು, ನಟ್ಟನಡುವ ಕೊಡಬ್ಯಾಡ,” ಎಂದರು ಕಾಕಾ. “ತಿರುಗಿಸು. ಅಂಚಿನಿಂದ ಒಂದೊಂದೇ ಹೋಳು ತಗಿ.”